ಮಂಗಳವಾರದ ಅರ್ಧ ಗಂಟೆ

ಮೈನಸ್ ಮೂರು ಎಂದರು ಡಾಕ್ಟರು, ಪರದೆ ನೋಡುತ್ತ.
ಹೊರಗಿನ ಹವೆ ಹೇಳುತ್ತಿದ್ದಾರೆ ಅಂದುಕೊಂಡೆ.
"ಅಷ್ಟೇನಾ? ನಿನ್ನೆ ಹದಿನಾಲ್ಕಿತ್ತು."
ಅವರು ನಗಲಿಲ್ಲ. ನನ್ನ ಬೆನ್ನನ್ನೇ ನನಗೆ ತಿರುಗಿಸಿ ತೋರಿಸಿದರು:
ಹುಳು ಕೊರೆದ ಹಳೆಯ ಧಕ್ಕೆಯ ಕಂಬ.

ಎತ್ತಿದ್ದು ಅರ್ಧ ಬಕೆಟ್ ಆಲೂಗಡ್ಡೆ, ಅಷ್ಟೆ.
ಒಣಕಡ್ಡಿ ಮುರಿದಂತೆ ಒಂದು ಸದ್ದು.
ಅಂದಿನಿಂದ ಕಾಫಿ ಡಬ್ಬಿಯ ಹಲಗೆ
ನಾಲ್ಕು ಸೆಂಟಿಮೀಟರ್ ಮೇಲಕ್ಕೆ ಹೋಗಿದೆ.

ಮೂವತ್ತೊಂದು ವರ್ಷ ಬೋಟ್ಸ್‌ಫ್ಯೋರ್ಡಿನ ಕಾರ್ಖಾನೆಯಲ್ಲಿ
ಬೆಳಕಿನ ಮೇಜಿನ ಮೇಲೆ ಕಾಡ್ ಮೀನಿನ ಹೋಳು ಹರಡಿ
ಮುಳ್ಳು ಹುಡುಕಿ ಹುಡುಕಿ ಕಿತ್ತವಳು ನಾನು.
ಈಗ ನನ್ನನ್ನೇ ಮಲಗಿಸಿ, ಬೆಳಕು ಹಾಯಿಸಿ,
ಮುಳ್ಳು ಎಷ್ಟು ಉಳಿದಿದೆ ಎಂದು ಎಣಿಸುತ್ತಾರೆ.

ವಾರಕ್ಕೊಂದು ಮಾತ್ರೆ. ಅದಕ್ಕೆ ಮಡಿ ಬಹಳ.
ಬರಿಹೊಟ್ಟೆ, ಲೋಟದ ತುಂಬ ಬರಿನೀರು,
ಹಾಲು ಸೋಕಬಾರದು, ಕಾಫಿ ಸುಳಿಯಬಾರದು,
ಕಿತ್ತಳೆ ವಾಸನೆಯ ಸುಣ್ಣದ ಬಿಲ್ಲೆ
ಮಧ್ಯಾಹ್ನದವರೆಗೆ ಅದರ ಎದುರಿಗೇ ಬರಬಾರದು.
ನುಂಗಿ ಅರ್ಧ ಗಂಟೆ ಮಲಗುವಂತಿಲ್ಲ, ಬಾಗುವಂತಿಲ್ಲ,
ಮಲಗಿದರೆ ಹಿಂದಕ್ಕೆ ಬಂದು ಗಂಟಲು ಸುಡುತ್ತದಂತೆ.
ನಮ್ಮಮ್ಮ ಸತ್ತ ಮೇಲೆ ಯಾರೂ ಹೇಳಿರಲಿಲ್ಲ
ನೆಟ್ಟಗೆ ಕೂತ್ಕೋ ಎಂದು, ಇಷ್ಟು ಗದರಿಸಿ.

ಆರಕ್ಕೆ ಸರಿಯಾಗಿ ಓಸ್ಲೋದಿಂದ ಫೋನು.
"ನುಂಗಿದೆಯಾ, ಗುನ್ವೋರ್ ಅಕ್ಕಾ?"
ಯೋಗಾಂಬಿಕೈ. ಅವಳಿಗೂ ಅದೇ ಮಾತ್ರೆ, ಅದೇ ವಾರ.
ಅತ್ತ ಅವಳು ನೆಟ್ಟಗೆ, ಇತ್ತ ನಾನು ನೆಟ್ಟಗೆ,
ನಡುವೆ ಇಡೀ ನಾರ್ವೆ ಉದ್ದಕ್ಕೆ ಮಲಗಿಕೊಂಡಿದೆ.

ಎಂಬತ್ತೇಳರಲ್ಲಿ ಜಾಫ್ನಾದಿಂದ ಬಂದವಳು
ಮೊದಲ ಡಿಸೆಂಬರಿನಲ್ಲಿ ಕಿಟಕಿಗೆ ಮೂಗೊತ್ತಿ ಕೇಳಿದ್ದಳು:
"ಸೂರ್ಯನನ್ನು ಎಲ್ಲಿಟ್ಟಿದ್ದೀರಿ?"
ಮೀನೆಣ್ಣೆಯ ಬಾಟಲಿ ತೆಗೆದು ಒಂದು ಚಮಚ ಕೊಟ್ಟೆ.
"ಇಗೋ, ಇದರಲ್ಲಿ.
ಹೆಸರಲ್ಲಿ ರಕಾರ ಇರುವ ತಿಂಗಳೆಲ್ಲ ಕುಡಿ."
ಮುಖ ಕಿವುಚಿದಳು. ಕುಡಿದಳು.

ನಾವು ಬಿಸಾಡಿದ ಮೀನಿನ ತಲೆಗಳನ್ನು ಚೀಲಕ್ಕೆ ತುಂಬಿ ಒಯ್ದು
ಹುಣಸೆ ಕಿವುಚಿ ಸಾರು ಮಾಡುತ್ತಿದ್ದಳು.
ನಾವು ನಕ್ಕೆವು. ನಾನೂ ನಕ್ಕಿದ್ದೆ, ಸುಳ್ಳು ಯಾಕೆ.
"ಅಷ್ಟು ಮೂಳೆ ಜಗಿದೂ ನಿನಗೂ ಇದೇ ಗತಿಯಾ?" ಎಂದರೆ
"ಜಗಿದದ್ದನ್ನೆಲ್ಲ ಮೂರು ಮಕ್ಕಳು ಒಯ್ದರಲ್ಲ ಅಕ್ಕಾ,
ಒಬ್ಬಳಿಗಾದರೂ ಸಾರು ಮಾಡಲು ಬರುವುದಿಲ್ಲ."

ಮೂಳೆಯೊಳಗೆ ಎರಡು ಪಾಳಿ ಕೆಲಸವಂತೆ,
ಒಂದು ಕೆಡವುತ್ತದೆ, ಒಂದು ಕಟ್ಟುತ್ತದೆ.
ವಯಸ್ಸಾದಂತೆ ಕಟ್ಟುವವರು ತಡವಾಗಿ ಬರುತ್ತಾರೆ,
ಕೆಡವುವವರು ಮಾತ್ರ ಊಟಕ್ಕೂ ಏಳುವುದಿಲ್ಲ.
ಮಾತ್ರೆ ಅವರ ಕೈಯಿಂದ ಹಾರೆ ಕಸಿಯುತ್ತದೆ.
ಯೋಗಾ ಅಂದಳು: "ಮುಷ್ಕರ ಮಾಡಿಸುವುದು
ನಿನಗೆ ಹೊಸದೇನಲ್ಲ ಬಿಡು."

ಕೆಲವು ಮಂಗಳವಾರ ಮಾತೇ ಇರುವುದಿಲ್ಲ.
ಅವಳ ಬೀದಿಯ ಬಸ್ಸು ನನಗೆ ಕೇಳಿಸುತ್ತದೆ,
ನನ್ನ ಹಿಮದ ಬಂಡಿ ಅವಳಿಗೆ.

ಐದು ವರ್ಷವಾಯಿತು. ಈಗ ಮೈನಸ್ ಎರಡು ಚಿಲ್ಲರೆ.
ಮಾತ್ರೆಗೆ ರಜೆ ಎಂದರು ಡಾಕ್ಟರು ಕಳೆದ ತಿಂಗಳು,
ಮದ್ದು ಮೂಳೆಯಲ್ಲೇ ಇನ್ನೂ ಕೆಲಕಾಲ ಕೂತಿರುತ್ತದೆ,
ಚಿಂತೆ ಬೇಡ ಎಂದರು.
ನನಗೆ ಚಿಂತೆ ಮೂಳೆಯದಾಗಿರಲಿಲ್ಲ.

ಮಂಗಳವಾರ, ಆರು ಗಂಟೆ, ಕತ್ತಲು.
ಲೋಟಕ್ಕೆ ನೀರು ಬಗ್ಗಿಸಿಕೊಂಡು ಕೂತೆ.
"ನುಂಗಿದೆಯಾ ಅಕ್ಕಾ?"
"ನುಂಗಿದೆ," ಅಂದೆ. ನೀರನ್ನು ನುಂಗಿದ್ದೆ.
"ನೀನು?"
"ಹೂಂ, ಆಗಲೇ," ಅಂದಳು ಯೋಗಾ.
ಆಮೇಲೆ ಅತ್ತ ಕಡೆ, ಬಹಳ ಮೆಲ್ಲಗೆ,
ಪಿಂಗಾಣಿಗೆ ಚಮಚ ತಾಗಿದ ಸದ್ದು.
ಸಕ್ಕರೆ ಕಲಕುವ ಸದ್ದು.

ನಾನು ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿಕೊಂಡು
ಕೇಳಿದೆ, "ಆಮೇಲೆ? ದೊಡ್ಡವಳ ಮನೆ ವಿಷಯ ಏನಾಯ್ತು?"