ಹುಬ್ಬಿನ ಹೌದು

ಬನ್ನಿ, ಬೂಟು ಅಲ್ಲೇ ಬಿಡಿ, ಹಿಮ ಕೊಡವಿ.
ಚಹಾ ಕುದಿಯುತ್ತಿದೆ. ನಿಮ್ಮ ಮೊದಲ ಗಂಟೆಗೆ
ಇನ್ನೂ ಇಪ್ಪತ್ತು ನಿಮಿಷವಿದೆ.
ಹೆಡ್‌ಮಾಸ್ತರರು ಕೊಟ್ಟ ದಪ್ಪ ಪುಸ್ತಕ
ಆಮೇಲೆ ಓದಿದರಾಯಿತು.

ಆ ವರ್ಷ ನನಗೆ ಒಂಬತ್ತು.
ಹ್ಯಾಲಿಫ್ಯಾಕ್ಸಿನಿಂದ ಬಂದಿಳಿದರು
ಮಿಸ್ ಹ್ಯಾರೊವೆಲ್: ಕೆಂಪು ಉಣ್ಣೆಯ ಟೋಪಿ,
ಬೆನ್ನ ಹಿಂದೆ ಕಟ್ಟಿಕೊಂಡ ಕೈ.
ಭಿನ್ನರಾಶಿ ಬರೆದು, ತಿರುಗಿ, ಕೇಳಿದರು:
ಅರ್ಥವಾಯಿತೆ?
ಹದಿನೇಳು ಮಂದಿ ಒಟ್ಟಿಗೆ ಹುಬ್ಬೇರಿಸಿದೆವು.

ನಮ್ಮಲ್ಲಿ ಅದೇ ಹೌದು.
ಮಾತು ಬಾರದ ಕೂಸಿನ ಹೌದು,
ಹಲ್ಲು ಹೋದ ಅಜ್ಜಿಯ ಹೌದು,
ನೀರಿನಿಂದ ಸೀಲ್ ತಲೆಯೆತ್ತುವ ಹೊತ್ತಿಗೆ
ದೋಣಿಯಲ್ಲಿ ಅಪ್ಪ ಕೊಡುವ
ಸದ್ದಿಲ್ಲದ ಹೌದು.
ಆಕೆಗೆ ಕಂಡದ್ದು ಬರೀ ಬೆರಗು.

ಮತ್ತೆ ಕೇಳಿದರು, ಜೋರಾಗಿ. ಮತ್ತೆ ಹುಬ್ಬು.
ಮೂರನೆಯ ಸಲ ಅಕ್ಷರ ಅಕ್ಷರ ಬಿಡಿಸಿ.
ಅಷ್ಟು ಕಷ್ಟವೇನು ಇದು? ಎಂದಾಗ
ಜೊಆನಸಿ, ಪಾಪ, ಇಲ್ಲವೆಂದು ಮೂಗು ಮುರಿದ.
ಮೂಗು ಮುರಿದ ತಪ್ಪಿಗೆ ಕಾರಿಡಾರಿನಲ್ಲಿ ನಿಂತ,
ಹದಿನೇಳು ಜೊತೆ ಬೂಟುಗಳ ನಡುವೆ.

ನೆಲ ನೋಡಿದರೆ, ನನ್ನ ಕಣ್ಣು ನೋಡು, ಎನ್ನುವರು.
ಗದರುವ ಹಿರಿಯರ ಕಣ್ಣಿಗೆ ಕಣ್ಣು ಕೊಡುವಷ್ಟು
ಕೆಟ್ಟವರನ್ನಾಗಿ ನಮ್ಮನ್ನು ಯಾರೂ ಬೆಳೆಸಿರಲಿಲ್ಲ.

ಡಿಸೆಂಬರಿನ ವರದಿಯಲ್ಲಿ ನೀಲಿ ಶಾಯಿ:
ಪಿಟಾಲೂಸಿ ಉತ್ತರಿಸುವುದೇ ಇಲ್ಲ.
ನಿಜವೇನೇ? ಎಂದಳು ಅವ್ವ.
ಮೂಗು ಮುರಿದೆ.
ಅವಳು ಹುಬ್ಬೇರಿಸಿದಳು.
ನಮ್ಮ ಮನೆಯ ವಿಚಾರಣೆ ಅಲ್ಲಿಗೆ ಮುಗಿಯಿತು.

ಜನವರಿ. ಸೂರ್ಯ ಹೋಗಿ ಆರು ವಾರ.
ಮಧ್ಯಾಹ್ನ ಎರಡಕ್ಕೆ ಊರಿನ ಜನರೇಟರು ಕೆಮ್ಮಿ ನಿಂತಿತು.
ಹೀಟರಿನ ಗುಂಯ್‌ ನಿಂತಾಗಲೇ ಗೊತ್ತಾದದ್ದು
ಅಷ್ಟು ದಿನ ಅದು ಗುಂಯ್‌ಗುಡುತ್ತಿತ್ತೆಂದು.
ಎಲ್ಲರೂ ಇದ್ದೀರಾ? ಎಂದಿತು ಕತ್ತಲು.
ಇದ್ದೇವೆಂದು ಹುಬ್ಬೇರಿಸಿದೆವು,
ಕತ್ತಲಿಗೇ, ಅಭ್ಯಾಸಬಲ.

ಡ್ರಾಯರು ತಡಕಾಡಿದ ಸದ್ದು. ಟಾರ್ಚು.
ಹದಿನೇಳು ಮುಖ ಒಟ್ಟಿಗೆ ಹಿಡಿಯಲಾರದ ಸಣ್ಣ ಬೆಳಕು
ಒಂದೊಂದನ್ನೇ ಹಿಡಿಯಿತು.
ಉಲಾಯು, ಹೆದರಿಕೆಯೆ? ಮೂಗು.
ಕೂಪಾ, ಹೆದರಿಕೆಯೆ? ಮೂಗು.
ಚಳಿಯೆ? ಹುಬ್ಬು.
ಬೆಳಕು ಹಿಂದಕ್ಕೆ ಹೋಯಿತು, ಉಲಾಯುವಿನತ್ತ.
ಚಳಿಯೆ? ಹುಬ್ಬು.
ಆಮೇಲೆ ಬಹಳ ಹೊತ್ತು ಎಲ್ಲೂ ಹೋಗಲಿಲ್ಲ.

ಕೊನೆಗೆ ನನ್ನ ಮೇಲೆ ಬಂದು ನಿಂತಿತು.
ಕೈ ನಡುಗುತ್ತಿತ್ತು; ಗೋಡೆಯ ಮೇಲೆ ನನ್ನ ನೆರಳೂ.
ಪಿಟಾಲೂಸಿ,
ಆಗಸ್ಟಿನಿಂದ ನೀವು ಹೇಳುತ್ತಲೇ ಇದ್ದಿರೇನು?

ಹಣೆ ನೋಯುವಷ್ಟು ಎತ್ತಿದೆ.

ಆಕೆ ಟಾರ್ಚನ್ನು ತನ್ನ ಮುಖಕ್ಕೆ ತಿರುಗಿಸಿಕೊಂಡರು.
ಮಾತಿಲ್ಲ. ನರೆತ ಹುಬ್ಬೆರಡೂ
ಒಂದು ಮೇಲೆ, ಒಂದು ಕೆಳಗೆ,
ಈಗಷ್ಟೇ ಹೆಜ್ಜೆ ಕಲಿತ ಕೂಸಿನ ಹಾಗೆ
ಎದ್ದು ನಿಂತವು.
ಮೊದಲು ನಕ್ಕವನು ಜೊಆನಸಿ.

ಮರುದಿನ ಅವನ ಮೇಜಿನ ಪಕ್ಕ
ಮಂಡಿಯೂರಿ ಕೂತರು, ತಲೆ ಅವನ ತಲೆಗಿಂತ ಕೆಳಗೆ.
ಏನು ಹೇಳಿದರೋ ನಮಗೆ ಕೇಳಲಿಲ್ಲ.
ಕೈ ಮಾತ್ರ ಬೆನ್ನ ಹಿಂದಿನಿಂದ ಬಂದು
ಮತ್ತೆ ಅಲ್ಲಿಗೆ ಹೋಗಲೇ ಇಲ್ಲ.

ಸಕ್ಕರೆ ಎಷ್ಟು?
ನಿಮ್ಮ ಕ್ಲಾಸಿನಲ್ಲಿ ಜೊಆನಸಿಯ ಮಗಳಿದ್ದಾಳೆ, ಕಿಟಕಿಯ ಹತ್ತಿರ.
ಪ್ರಶ್ನೆ ಕೇಳಿ ಬೋರ್ಡಿಗೆ ತಿರುಗಬೇಡಿ.
ಉತ್ತರ ನಿಮ್ಮ ಬೆನ್ನಿಗೆ ತಗುಲಿ ಬಿದ್ದುಹೋಗುತ್ತದೆ.

ಮಿಸ್ ಹ್ಯಾರೊವೆಲ್‌ಗೆ ಈಗ ಎಂಬತ್ತೆರಡು.
ಕಳೆದ ವಾರ ಫೋನು ಮಾಡಿದ್ದೆ.
ಆಸ್ಪತ್ರೆಯ ಮಾತು ಬಂದು,
ಎಲ್ಲ ಸರಿಯಿದೆಯಲ್ಲ? ಎಂದೆ.
ಆಚೆ ಸದ್ದಿಲ್ಲ.
ಅಷ್ಟು ವರ್ಷ ನಮ್ಮೊಡನಿದ್ದವರು,
ಬಾಯಲ್ಲಿ ಹೇಳುವುದು ಮರೆತಿರಬೇಕು.
ಹುಬ್ಬೋ ಮೂಗೋ, ತಂತಿಯಲ್ಲಿ ಕಾಣದು.

ಫೋನು ಇಡಲಿಲ್ಲ ನಾನು.
ನೋಡುತ್ತಾ ಕೂತೆ.