ಹೋಲ್ಡಾನ್

ಮೂರು ಗುಂಡು, ಮೂರು ಗೂಡು, ಒಂದು ನಳಿಗೆ.
ಊದಬೇಡಿ ಅಂತಾರೆ ರೆನಿಟಾ ಮೇಡಂ,
ಎಳೀಬೇಕು, ಒಳಕ್ಕೆ, ನಿಧಾನಕ್ಕೆ,
ಎಳನೀರಿಗೆ ಹಾಕಿದ ಸ್ಟ್ರಾ ಅಂದುಕೊಳ್ಳಿ.

ಇಪ್ಪತ್ತೆರಡು ವರ್ಷ ಊದಿದವನು ನಾನು.
ಹಾಸನ, ಬೇಲೂರು, ಚಿಕ್ಕಮಗಳೂರು,
ದಿನಕ್ಕೆ ನಾಲ್ಕು ಸಿಂಗಲ್.
ಒಂದು ವಿಷಲಿಗೆ ನಿಂತು, ಎರಡಕ್ಕೆ ಹೊರಟು
ಬಸ್ಸು ನನ್ನ ಉಸಿರಲ್ಲೇ ಓಡಿತು.
ಒಳಗೆ ಎಳೆದದ್ದು ಯಾವಾಗ, ನೆನಪಿಲ್ಲ.
ಧೂಳು, ಡೀಸೆಲ್ಲು, ಯಾರದೋ ಮುಡಿಯ ಕನಕಾಂಬರ,
ಅದರ ಪಾಡಿಗೆ ಅದು ಬಂದು ಹೋಗಿರಬೇಕು.

ಹಗರೆ ಹತ್ತಿರ ಕರು ಅಡ್ಡ ಬಂತು.
ಚೆಲುವಯ್ಯ ಬ್ರೇಕ್ ತುಳಿದ. ಕರು ಉಳೀತು.
ಕಂಬಿ ಸಿಕ್ಕಿದ್ದು ನನ್ನ ಪಕ್ಕೆಗೆ,
ಎಡಗಡೆ, ಮೂರು ಎಲುಬು.
ಟಿಕೆಟ್ ಮಿಷಿನ್ ಮಾತ್ರ ಕೈಬಿಡಲಿಲ್ಲ,
ಒಡೆದರೆ ಸಂಬಳದಲ್ಲಿ ಹಿಡೀತಾರೆ.

ನೋವಿಗೆ ಹೆದರಿ ಚಿಲ್ಲರೆ ಉಸಿರಾಡಿದೆ,
ಎಂಟಾಣೆ, ನಾಲ್ಕಾಣೆ.
ಹೀಗಾದರೆ ಕಫ ಕೂರುತ್ತೆ ಅಂತ ಗದರಿ
ಒಂದು ದಿಂಬು ಕೊಟ್ಟರು:
ಪಕ್ಕೆಗೆ ಅಪ್ಪಿಕೊಂಡು ಕೆಮ್ಮಿ.
ಮದುವೆಯಾದ ಹೊಸತರಲ್ಲೂ ನಾನು ಯಾರನ್ನೂ
ಇಷ್ಟು ಹುಷಾರಾಗಿ ಅಪ್ಪಿರಲಿಲ್ಲ.
(ಸಾಕಮ್ಮ ಪಕ್ಕದಲ್ಲೇ ಕೂತಿದ್ದಳು. ನಗಲಿಲ್ಲ.)

ಆಮೇಲೆ ಗೀಟು ಗೀಟಿನ ಕನ್ನಡಿ.
ಶರ್ಟು ಬಿಚ್ಚಿ ನೆಟ್ಟಗೇ ನಿಂತೆ ಅಂದುಕೊಂಡೆ.
ಬಲ ಹೆಗಲು ಎಡಕ್ಕಿಂತ ಒಂದು ಮನೆ ಕೆಳಗೆ,
ಸೊಂಟ ಕೊಂಕಿ, ಒರಗೋಕೆ ಸೀಟು ಹುಡುಕ್ತಾ ಇದೆ.
ಚರ್ಮದ ಬ್ಯಾಗು ಯಾವ ಕಡೆ ಹಾಕ್ತಿದ್ರಿ?
ಕೇಳಬೇಕಾ?
ಚಿಲ್ಲರೆ ಇಲ್ಲದಾಗ ನಾನು
ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದು ಕೊಡುತ್ತಿದ್ದೆ,
ಇಳಿವಾಗ ಇಸ್ಕೊಳ್ಳಿ ಅಂತ.
ಎಷ್ಟೋ ಜನ ಮರೆತು ಇಳಿದರು.
ಮೈ ಮರೆಯೋದಿಲ್ಲ.
ನನ್ನ ಬೆನ್ನಿಗೇ ಬರಕೊಂಡಿತ್ತು.

ಸೆಟೆದು ನಿಲ್ಲಿ ಅನ್ನಲಿಲ್ಲ ಅವರು.
ಒಂದೇ ಥರ ಬಹಳ ಹೊತ್ತು ನಿಲ್ಲಬೇಡಿ,
ಕಾಲು ಬದಲಾಯಿಸಿ, ಹೆಗಲು ಬದಲಾಯಿಸಿ, ಅಷ್ಟೇ.

ಎಡಗೈ ಏಳುತ್ತಿರಲಿಲ್ಲ.
ಗೋಡೆ ಮೇಲೆ ಬೆರಳು ನಡೆಸಿ, ಇರುವೆ ಹಾಗೆ.
ಅಡುಗೆಮನೆ ಗೋಡೆಗೆ ಪೆನ್ಸಿಲ್ ಗುರುತು ಹಾಕಿದೆ:
ಎದೆಮಟ್ಟ ಹಾಸನ. ಗಲ್ಲದ ಹತ್ತಿರ ಹಗರೆ,
ಅಲ್ಲೇ ಒಂಬತ್ತು ದಿನ ಕೆಟ್ಟು ನಿಂತಿತು ಗಾಡಿ.
ಹಣೆಗೆ ಬೇಲೂರು.
ಚಿಕ್ಕಮಗಳೂರು ಕ್ಯಾಲೆಂಡರಿನ ಮೊಳೆ ಪಕ್ಕ,
ಇನ್ನೂ ಮುಟ್ಟಿಲ್ಲ.

ನೋವು ಹತ್ತರಲ್ಲಿ ಎಷ್ಟು?
ಮೊದಲ ವಾರ ಏಳು ಅಂದೆ. ಎಂಟಿತ್ತು,
ಒಂದು ಬಿಟ್ಟುಕೊಟ್ಟೆ.
ಈಗ ಮೂರು, ಅರ್ಧ ಟಿಕೆಟ್ಟು.
ಪೂರ್ತಿ ಇಳಿಯಲಿ ಅಂತ ಕಾಯಬೇಡಿ,
ಕೂರಿಸಿಕೊಂಡೇ ಓಡಾಡಿ ಅಂತಾರೆ.

ಪಕ್ಕದ ಮಂಚದಲ್ಲಿ, ಮಂಡಿ ಕೆಳಗೆ ಟವಲು ಸುತ್ತಿಟ್ಟು
ಒತ್ತುತ್ತಿದ್ದ ಅಜ್ಜಿ ಹೊರಳಿ ನೋಡಿತು.
ನೀನು ಚಿಕ್ಕಮಗಳೂರು ಬಸ್ಸಿನೋನಲ್ವಾ?
ದೊಡ್ಡಗದ್ದವಳ್ಳಿ ಗೇಟಲ್ಲಿ ನಿಲ್ಸಪ್ಪ ಅಂದ್ರೆ
ಸ್ಟಾಪಿಲ್ಲ ಅಂತ ಹಗರೇಲಿ ಇಳಿಸ್ದೆ.
ವಾಪಸ್ ನಡ್ಕೊಂಡೇ ಬಂದೆ.
ಆಗ ಮಂಡಿ ಚೆನ್ನಾಗಿತ್ತು, ಬಿಡು.

ನನಗೆ ನೆನಪಿಲ್ಲ. ಇರಬಹುದು.
ಇಂಥವನ್ನ ವೇಬಿಲ್ಲಲ್ಲಿ ಬರೆಯೋದಿಲ್ಲ.

ಇವತ್ತು ಅಜ್ಜಿ ವಾಕರ್ ಬಿಟ್ಟು
ಮರದ ಮೆಟ್ಟಿಲು ಹತ್ತಿಳಿಯೋ ದಿನ.
ಮೇಡಂಗೆ ಫೋನು. ನೀವು ಸ್ವಲ್ಪ ನಿಂತ್ಕೊಳ್ಳಿ ಅಂದರು.
ನಿಂತೆ, ಕಂಬಿ ಪಕ್ಕ, ಒರಗದೆ.
ಹತ್ತೋವಾಗ ಒಳ್ಳೆ ಕಾಲು ಮುಂದೆ,
ಇಳಿಯೋವಾಗ ನೋವಿನ ಕಾಲು ಮುಂದೆ,
ಬಾಯಿಪಾಠ ಹೇಳಿಕೊಳ್ಳುತ್ತಾ ಅಂಚಿಗೆ ಬಂದು
ಅಜ್ಜಿ ತಡೆಯಿತು.

ಹೋಲ್ಡಾನ್, ಅಂದೆ. ಬಾಯಿ ತನ್ನಷ್ಟಕ್ಕೇ.

ಎಂಜಿನ್ನಿಲ್ಲ. ಹಿಂದಿನ ಬಸ್ಸಿನ ಹಾರನ್ನಿಲ್ಲ.
ಪೂರ್ತಿ ಇಳಿಯೋ ತನಕ ಕಾದೆ,
ಒಂದು ಪಾದ, ಆಮೇಲೆ ಇನ್ನೊಂದು, ಸೀರೆ ನೆರಿಗೆ.
ರೈಟ್ ಅನ್ನಬೇಕಲ್ಲ, ಅದಕ್ಕೆ ಉಸಿರು ಎಳೆದೆ,
ಒಳಕ್ಕೆ, ನಿಧಾನಕ್ಕೆ.
ಪಕ್ಕೆ ಚುಳ್ಳೆಂದಿತು.
ಅಜ್ಜಿ ಆಗಲೇ ಚಪ್ಪಲಿ ಹುಡುಕುತ್ತಿತ್ತು.