ಹಂಸಪಾದ

ಮದುವಿ ಮುಗದು ಹನ್ನೊಂದು ದಿನ ಆತು.
ಫೋನಿನ್ಯಾಗ ಇನ್ನಾ ಅದಾರ ಅವರೆಲ್ಲ:
ಹೂವಿನ ಲಾಲಪ್ಪ, ಬಳಿ ಶಾಂತಾಬಾಯಿ,
ಮೆಹಂದಿ ನಸ್ರೀನ್, ಶಾಮಿಯಾನ ಘಾಳೆಪ್ಪ,
ಬ್ಯಾಂಡ್ ಒಂದು, ಬ್ಯಾಂಡ್ ಎರಡು,
ಮತ್ತ ಬರೇ ‘ಖೋವಾ’ ಅಂತ ಒಬ್ಬಾತ.
ಆತನ ಹೆಸರು ಕೇಳೋದೇ ಉಳೀತು.

ಮೂರು ತಿಂಗಳು ಇವರ ಕೈಯಾಗಿತ್ತು ನನ್ನ ಬದುಕು.
ವರನ ಧ್ವನಿಗಿಂತ ಹೆಚ್ಚು ಕೇಳೀನಿ ಲಾಲಪ್ಪನ ಧ್ವನಿ:
“ನಾಳಿಗಿ ಪಕ್ಕಾ ಅಕ್ಕಾ.”
ಆ ನಾಳಿಗಿ ಅನ್ನೋದು ಆಳಂದದ ಬಸ್ಸಿದ್ದಂಗ,
ಬರೋದು ಬರ್ತದ, ಹೊತ್ತು ಅದರದು.

ಕಪಡಾ ಬಜಾರದಾಗ ನಾವು ಐದು ಮಂದಿ ಹೆಂಗಸರು,
ಒಂದು ಸೀರಿಗಿ ಹದಿನಾಕು ಮಾತು.
ಗಾದಿ ಮ್ಯಾಲ ಹಾಸ್ತಾ ಹಾಸ್ತಾ ಅಂಗಡಿ ಹುಡುಗ
ಮೊಣಕಾಲ ತನಕ ಬಣ್ಣದಾಗ ಮುಣುಗಿದ್ದ.
ಸೋದರತ್ತಿ ಸೆರಗು ಬಿಸಲಿಗಿ ಹಿಡದು ಅಂದಳು,
“ಒಳಗ ಕೆಂಪು, ಹೊರಗ ಕೆಂಪಲ್ಲ ಇದು.”
ನನಗ ಬೇಕಾಗಿದ್ದು ಬದನಿಹೂವಿನ ಬಣ್ಣ.
ಎಲ್ಲಾರೂ ಕೇಳಿಸಿಕೊಂಡರು.
ಕೆಂಪು ತಗೊಂಡರು.

ಶಾಂತಾಬಾಯಿ ಮಾತ್ರ ಯಾರನೂ ಏನೂ ಕೇಳಲಿಲ್ಲ.
ಕೈ ಹಿಡದು ಒಮ್ಮಿ ಒತ್ತಿ, “ಎರಡು-ನಾಕು” ಅಂದಳು.
ಹೆಬ್ಬಟ್ಟಿನ ಬುಡದ ಎಲುಬು ಆಕಿ ಮುಷ್ಟಿಯೊಳಗ
ಒಂದು ಗಳಿಗಿ ನೀರಾತು, ಹಸರು ಬಳಿ ದಾಟಿದವು.
ಡಜನ್ನಿಗಿ ಒಂದೊಂದು ಹೆಚ್ಚಿಗಿ ಹಾಕಿದಳು,
“ಒಡದರ ಲೆಕ್ಕ ತಪ್ಪಬಾರದು.”
ಎರಡು ಒಡದಾವ ಈಗ. ಒಂದು ನಳಕ್ಕ ತಾಗಿ.
ಇನ್ನೊಂದರ ಮಾತು ಇಲ್ಲಿ ಬ್ಯಾಡ.

ಭಾಂಡೆ ಅಂಗಡಿ ಮುಂದ ಸ್ಟೂಲಿನ ಮ್ಯಾಲ
ಹೆಸರು ಕೊರೆಯೋ ಗುಲಾಮನಬಿ ಚಾಚಾ.
ಜೀರುಂಡೆ ಹಂಗ ಗುಯ್‌ಗುಡೋ ಮಷೀನು,
ಒಂದಕ್ಷರಕ್ಕ ಎರಡು ರೂಪಾಯಿ.
ಅಪ್ಪ ಬೆರಳು ಮಡಚಿ ಎಣಿಸಿದ: ಮ, ಹಾ, ನಂ, ದಾ.
“ನಾಕೇ ಅದಾವ. ಚೊಲೋ ಹೆಸರಿಟ್ಟೀವಿ.”
ಹಂಡೆ, ಕೊಡ, ಪರಾತ, ಡಬ್ಬಿ, ಎಲ್ಲಾ ಬರೋಬ್ಬರಿ.
ಹಾಲು ಕಾಸೋ ಬೋಗಾಣಿ ಮ್ಯಾಲ ಮಾತ್ರ
‘ಮನಂದಾ’.

ಯಾರೂ ನೋಡಲಿಲ್ಲ. ಬಾಳಿಗಂಬ, ಚಾಪಿ, ಗೋಧಿ ಚೀಲದ ಜೋಡಿ
ಟೆಂಪೋದಾಗ ಕುಲುಕ್ಯಾಡಕೋತ ಬಂತು
ಬ್ರಹ್ಮಪುರದ ಈ ಅಡಗಿಮನಿಗಿ.
ಮೊದಲನೇ ಮುಂಜಾನಿ ಒಲಿ ಮುಂದ ನಿಂತಾಗ ಕಂಡಿತು:
ಬಿಟ್ಟು ಹೋದದ್ದು ‘ಹಾ’.
ನೋಡಲಿಕ್ಕ ಬಂದ ದಿನ ಹಿರ್ಯಾರು
“ಒಪ್ಪಿಗಿ ಅದನವ್ವಾ?” ಅಂದಾಗ
ನಾ ಆಡಿದ್ದು ಅದೊಂದೇ ಅಕ್ಷರ.
ನೋಡಕೋತ ನಿಂತೆ, ಹಾಲು ಉಕ್ಕಿತು.
“ಶುಭ ಅದು” ಅಂದರು ಅತ್ತಿ, ಒರಸೋ ಅರಿವಿ ಕೊಟ್ಟರು.

ಬಸ್ಸಿಳಿದು ದಾರಿ ಕೇಳಿ ಹುಡುಕಿದ್ದ ಅಂಗಡಿಗೋಳು
ಈಗ ನನ್ನ ಓಣಿಯಿಂದ ಎರಡನೇ ತಿರುವು.
ಹತ್ತು ರೂಪಾಯಿಗಿ ಜಗಳಾಡಿ ಎದ್ದುಬಂದಲ್ಲಿ
ದಿನಾ ಮಾರಿ ತೋರಿಸಬೇಕು.
ನಿನ್ನಿ ಚೀಲದಾಗ ಬೋಗಾಣಿ ಇಟಗೊಂಡು ಹೋದೆ.

ಚಾಚಾ ಚಸ್ಮಾ ಏರಿಸಿದ, ಬೆಳಕಿಗಿ ಹೊಳ್ಳಿಸಿದ.
“ನಡುವ ಜಾಗಾನೇ ಇಲ್ಲಲ್ಲವ್ವಾ.
ಅಳಿಸಿದರ ಸ್ಟೀಲಿಗಿ ಗಾಯ ಆಗ್ತದ.”
ಸುಮ್ಮನ ಕುಂತ. ಚಹಾ ಬಂತು, ಆರಿತು.
ಆಮ್ಯಾಲ ತಾ ಕಲ್ತ ನಾಕನೇತ್ತದ ಸಾಲಿ ನೆನಸಿಕೊಂಡು
ಸಾಲಿನ ಕೆಳಗೊಂದು ಹಂಸಪಾದ,
ಮ್ಯಾಲ ಸಣ್ಣದೊಂದು ‘ಹಾ’,
ತಂತಿ ಮ್ಯಾಲಿನ ಗುಬ್ಬಿ ಹಂಗ.
ದುಡ್ಡು ಮುಟ್ಟಲಿಲ್ಲ.
“ಈ ಎರಡು ರೂಪಾಯಿ ನಿಮ್ಮಪ್ಪ ಆಗಲೇ ಕೊಟ್ಟಾರ.”

ಸಂಜಿಗಿ ಅತ್ತಿ ಬೋಗಾಣಿ ಬೆಳಗುವಾಗ
ಬೆರಳಾಡಿಸಿ ಕೇಳಿದರು, “ಏನಿದು, ಮ್ಯಾಲ ಹತ್ತಿ ಕುಂತದ?”
“ನಾನ್ರಿ” ಅಂದೆ.
ನಕ್ಕರೋ ಏನೋ, ನಳದ ನೀರು ಜೋರಿತ್ತು.

ರಾತ್ರಿ ಬ್ಯಾಂಡ್ ಎರಡೂ ಅಳಿಸಿದೆ.
ಖೋವಾಗ ಫೋನ್ ಹಚ್ಚಿದೆ, ಏನೂ ಬೇಕಾಗಿದ್ದಿಲ್ಲ.
“ಹೇಳ್ರಿ ಅಕ್ಕಾ, ಎಷ್ಟು ಕಿಲೋ?”
“ಕಿಲೋ ಇರಲಿ,” ಅಂದೆ,
“ನಿಮ್ಮ ಹೆಸರೇನ್ರಿ?”